ಕಾವಲು ನಾಯಿಗಳೂ ಕಾಯಿಸಿಕೊಂಡ ಧಣಿಗಳೂ

ಅಂಗಡಿಗೆ ಬೀಗ ಹಾಕಿದರೆ ಅದು ಸುಮ್ಮನೆ ನೇತಾಡಿಕೊಂಡಿರುತ್ತದೆ. ನಾಯಿ ಕಟ್ಟಿದರೆ ಹಾಗಲ್ಲ, ಏನಾದರೊಂದು ಸಮಾಚಾರ ಹುಟ್ಟುತ್ತಲೇ ಇರುತ್ತದೆ. ನಾನು ಹೊನ್ನಾವರದಲ್ಲಿ ಪಶುವೈದ್ಯ, ಸ್ವಂತದ್ದೊಂದು ಸಣ್ಣ ಕ್ಲಿನಿಕ್ಕಿದೆ. ಮೊದಲೆಲ್ಲ ನನ್ನನ್ನು ಕರೆಯುತ್ತಿದ್ದದ್ದು ಕೊಟ್ಟಿಗೆಗೆ. ಹೆದ್ದಾರಿ ಅಗಲವಾಗಿ ಅದರ ಬದಿಗೆ ಶೋರೂಮು, ಗೋದಾಮು ಎದ್ದ ಮೇಲೆ ಭಟ್ಕಳದಿಂದ ಕುಮಟಾದವರೆಗೆ ಕಾವಲು ನಾಯಿ ಸಾಕಿದ ವ್ಯಾಪಾರಿಗಳೇ ಹೆಚ್ಚು ಕರೆಯುತ್ತಾರೆ. ಹೋಗಿ ನೋಡಿದರೆ ನಾಯಿ ಗಟ್ಟಿಮುಟ್ಟಾಗಿರುತ್ತದೆ, ಪಜೀತಿಯಲ್ಲಿರುವುದು ಧಣಿ.

ಕಿವಿ ಕೇಳದ ನಾಯಿ

ಕುಮಟಾದ ಅಡಿಕೆ ವ್ಯಾಪಾರಿಯೊಬ್ಬರು ಫೋನು ಮಾಡಿದರು. "ಡಾಕ್ಟ್ರೇ, ಹೊಸಾ ನಾಯಿ ತಂದಿದ್ದಿ. ಅದಕ್ಕೆ ಕಿವಿ ಕೇಳ್ತಿಲ್ಲೆ ಕಾಣ್ತು. ಒಂಚೂರು ಬಂದು ನೋಡಿ."

ಹೋದೆ. ದೊಡ್ಡ ಅಲ್ಸೇಶಿಯನ್ ನಾಯಿ ವಖಾರಿಯ ಬಾಗಿಲಿಗೆ ಅಡ್ಡ ಮಲಗಿತ್ತು. ಅಡಿಕೆ ಮೂಟೆ ತಂದವರು ಅಂಗಳದಲ್ಲಿ, ಧಣಿ ಒಳಗೆ. "ಸರಿಯೋ ಮಾರಾಯಾ, ಆಚೆ ಹೋಗು" ಎಂದು ಅವರು ಕೈಮುಗಿಯುವುದೊಂದು ಬಾಕಿ. ನಾಯಿ ಬಹಳ ಮರ್ಯಾದೆಯಿಂದ ಅವರ ಮುಖವನ್ನೇ ನೋಡುತ್ತಿತ್ತು, ಏಳುತ್ತಿರಲಿಲ್ಲ. ನಾನು ಹಿಂದಿನಿಂದ ಚಿಟಿಕೆ ಹೊಡೆದೆ. ಎರಡೂ ಕಿವಿ ನನ್ನ ಕಡೆ ತಿರುಗಿದವು.

"ಇದನ್ನು ಎಲ್ಲಿಂದ ತಂದ್ರಿ?"

"ಭಟ್ಕಳದ ಸಾಹೇಬರೊಬ್ಬರ ಬಟ್ಟೆ ಅಂಗಡಿಯಿಂದ."

"ಅವರು ಇದರ ಹತ್ತಿರ ಯಾವ ಭಾಷೆ ಮಾತಾಡ್ತಿದ್ರು?"

ವ್ಯಾಪಾರಿ ಕೂಡಲೇ ಸಾಹೇಬರಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ನಾಯಿಯ ಮುಂದೆ ಹಿಡಿದರು. ಆ ಕಡೆಯಿಂದ "ಉಠ್, ಬಾಜೂ ಹಟ್" ಎಂದು ಬಂತು. ನಾಯಿ ದಡಕ್ಕನೆ ಎದ್ದು ಬದಿಗೆ ಸರಿದು, ಬಾಲ ಅಲ್ಲಾಡಿಸಿ, ಫೋನನ್ನೇ ನೆಕ್ಕಿತು.

ಸಾಹೇಬರು ಒಳ್ಳೆಯವರು. ಏಳು, ಕೂರು, ಸುಮ್ಮನಿರು ಎಂದು ಬೇರೆ ಬೇರೆ ಧ್ವನಿ ಸಂದೇಶ ಮಾಡಿ ವಾಟ್ಸಾಪಿನಲ್ಲಿ ಕಳಿಸಿಕೊಟ್ಟರು. ಬೇಕಾದಾಗ ಒತ್ತಿದರೆ ಆಯಿತು, ನಾಯಿ ಹಾಕಿದ ಗೆರೆ ದಾಟುತ್ತಿರಲಿಲ್ಲ. ಎಲ್ಲ ಸುಸೂತ್ರವಾಗಿತ್ತು. ಒಂದು ದಿನ ಮಾತ್ರ ಅಡಿಕೆ ವ್ಯಾಪಾರಿಯ ಬೆರಳು ತಪ್ಪಿತು. ಅವರ ವ್ಯಾಪಾರಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅಧ್ಯಕ್ಷರು, "ನಾಳಿನ ಸಭೆಯಲ್ಲಿ ನಾನು ಸ್ವಲ್ಪ ದೀರ್ಘವಾಗಿ ಮಾತನಾಡಲಿದ್ದೇನೆ" ಎಂದು ಬರೆದಿದ್ದರು. ಅದರ ಕೆಳಗೆ ಇವರ ಫೋನಿನಿಂದ ಸಾಹೇಬರ ಗಡಸು ದನಿ ಹೋಗಿ ಕೂತಿತು: "ಚುಪ್. ಬೈಠ್ ಜಾ."

ಸ್ವಲ್ಪ ಹೊತ್ತಿಗೆ ಅಧ್ಯಕ್ಷರ ಉತ್ತರ ಬಂತು. "ಆತು."

ಗೇಟಿನ ಹೊರಗಿನ ಧಣಿ

ಹೊನ್ನಾವರದ ಬಂದರಿನ ಬದಿಗೆ ಒಂದು ಐಸ್ ಪ್ಲಾಂಟಿದೆ. ಅದರ ಧಣಿಗೆ ಬೇರೆ ವ್ಯವಹಾರಗಳೂ ಇರುವುದರಿಂದ ಅಲ್ಲಿಗೆ ಬರುವುದು ಅಪರೂಪ. ಕಾವಲಿಗೆಂದು ಅವರೇ ಒಂದು ಮರಿ ತಂದು ಬಿಟ್ಟು ಹೋದರು. ಬೋಟಿನಿಂದ ಬರುವ ಬಂಗಡೆ, ತಾರ್ಲೆ ಮೀನು ತಿಂದು ಅದು ಕರುವಿನ ಹಾಗೆ ಬೆಳೆಯಿತು. ಐಸ್ ಒಯ್ಯುವ ಮೀನುಗಾರರು, ಗಾಡಿಯವರು, ಬುಟ್ಟಿ ಹೊತ್ತ ಹೆಂಗಸರು, ಎಲ್ಲರೂ ಅದಕ್ಕೆ ತಿನ್ನಿಸುವವರೇ. ಹಾಗಾಗಿ ಎಲ್ಲರೂ ಅದಕ್ಕೆ ಮನೆಯವರು. ಬೊಗಳುವುದು ಒಬ್ಬರಿಗೆ ಮಾತ್ರ.

ಧಣಿಯ ಕಾರು ತಿರುವಿನಲ್ಲಿ ಬಂತೆಂದರೆ ಸಾಕು, ಪ್ಲಾಂಟು ಎದ್ದು ಹೋಗುವ ಹಾಗೆ ಬೊಗಳುತ್ತಿತ್ತು. ಗೇಟಿನ ಹತ್ತಿರ ಸೇರಿಸುತ್ತಿರಲಿಲ್ಲ. ಒಳಗಿನಿಂದ ಯಾರಾದರೂ ಕೆಲಸದವರು ಬಂದು, "ಏ ಬಿಡೋ, ಇವ್ರು ನಮ್ಮವ್ರೇ" ಎಂದು ಜಾಮೀನು ಕೊಟ್ಟ ಮೇಲೆ ಧಣಿಗೆ ಪ್ರವೇಶ.

ಧಣಿ ನನ್ನನ್ನು ಕರೆಸಿದರು. "ಡಾಕ್ಟ್ರೇ, ಇದಕ್ಕೆ ಎಂತಾದ್ರೂ ಔಷಧ ಉಂಟ? ಇಲ್ಲಾಂದ್ರೆ ಕೊಟ್ಟು ಬಿಡ್ತೇನೆ."

ನಾನು ಬಾಯಿ ತೆರೆಯುವ ಮೊದಲೇ ಮಶಿನಿನವ, ಲೋಡಿಂಗಿನವರು ಎಲ್ಲ ಓಡಿ ಬಂದರು. "ಬ್ಯಾಡ ಧಣಿ, ಕೊಡುಕಾಗ. ಇಂಥಾ ನಾಯಿ ಮತ್ತೆ ಸಿಗೂದಿಲ್ಲ."

ಧಣಿಗೆ ಮನಸ್ಸು ಕರಗಿತು. ನಾಯಿಯ ಮೇಲೆ ಕೆಲಸದವರಿಗೆ ಎಷ್ಟು ಪ್ರೀತಿ ಎಂದು ನನ್ನ ಹತ್ತಿರ ಹೊಗಳಿದರು. ಅವರು ಹೋದ ಮೇಲೆ ಮಶಿನಿನವ ಮೆಲ್ಲಗೆ ಹೇಳಿದ, "ಸಾರ್, ಅದು ಕೂಗಿದ್ದು ಕೇಳಿದ್ರೆ ನಾವು ಎದ್ದು ಮುಖ ತೊಳ್ಕಂಡು ಕೆಲಸಕ್ಕೆ ನಿಲ್ಲೂಕೆ ಸಮಾ ಟೈಮ್ ಸಿಗ್ತದೆ."

ಬೋರ್ಡಿನ ನಾಯಿ

ಭಟ್ಕಳದಲ್ಲಿ ವ್ಯಾಪಾರಿಗಳೆಲ್ಲ ಸೇರಿ ನಾಯಿಗಳಿಗೆ ಹುಚ್ಚು ರೋಗದ ಲಸಿಕೆ ಹಾಕಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅವರ ಕಾರ್ಯದರ್ಶಿ ನನ್ನ ಜೊತೆ ಅಂಗಡಿ ಅಂಗಡಿಗೆ ಬಂದರು. ವಯಸ್ಸಾದವರು, ನಾಯಿ ಎಂದರೆ ನಾಲ್ಕು ಮಾರು ದೂರ.

ಒಂದು ಪಿಂಗಾಣಿ ಸಾಮಾನಿನ ಅಂಗಡಿಯ ಗೋದಾಮಿನ ಮುಂದೆ ದೊಡ್ಡ ಬೋರ್ಡಿತ್ತು. "ನಾಯಿ ಇದೆ, ಜಾಗ್ರತೆ" ಎಂದು ಬರೆದು, ಹಲ್ಲು ಕಿರಿದ ನಾಯಿಯ ಚಿತ್ರ. ಒಳಗಿನಿಂದ ಬೊಗಳುವ ಶಬ್ದವೂ ಬರುತ್ತಿತ್ತು. ಕಾರ್ಯದರ್ಶಿ, "ನೀವು ಹೋಗಿ ಬನ್ನಿ" ಎಂದು ಎದುರು ಅಂಗಡಿಯ ಮೆಟ್ಟಿಲು ಹತ್ತಿದರು.

ಅಂಗಡಿಯವ ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದ. ಒಂದು ಸ್ಪೀಕರ್ ಆರಿಸಿದ. ಬೊಗಳುವುದು ನಿಂತಿತು.

"ಡಾಕ್ಟರ್ ಸಾಬ್, ನಾಯಿ ಇಲ್ಲ," ಎಂದ. "ನನಗೆ ನಾಯಿ ಅಂದ್ರೆ ಹೆದರಿಕೆ. ಇದು ಹೊರಗೆ ಗೊತ್ತಾದ್ರೆ ನನ್ನ ಗೋದಾಮಿನ ಕಥೆ ಮುಗೀತು. ನೀವು ಇಂಜೆಕ್ಷನ್ ಕೊಟ್ಟ ಹಾಗೆ ಸ್ವಲ್ಪ ಮಾಡಿ."

ಅವನ ಮುಖ ನೋಡಿ ನನಗೆ ಇಲ್ಲ ಎನ್ನಲಾಗಲಿಲ್ಲ. "ಕುತ್ತಿಗೆ ಗಟ್ಟಿ ಹಿಡೀರಿ" ಎಂದು ಕೂಗಿದೆ. ಅವನು ಸ್ಪೀಕರ್ ಜೋರು ಮಾಡಿದ. "ಕಾಲು, ಕಾಲು ಹಿಡೀರಿ" ಎಂದೆ. ಅವನಿಗೆ ಎಲ್ಲಿಂದ ಹುರುಪು ಬಂತೋ, "ಅಯ್ಯೋ, ಬಿಡಿಸಿಕೊಳ್ತು" ಎನ್ನುತ್ತ ಹಿಂದಕ್ಕೆ ಹಾರಿದ. ಹಿಂದೆ ಬಟ್ಟಲುಗಳ ರಾಶಿ ಇತ್ತು. ಅದು ಮಾತ್ರ ನಾಟಕವಲ್ಲ, ಎಲ್ಲ ನಿಜವಾಗಿಯೇ ಒಡೆಯಿತು.

ಬೆವರು ಒರೆಸಿಕೊಂಡು ಹೊರಗೆ ಬಂದಾಗ ಬೀದಿಯಲ್ಲಿ ಜನ ಸೇರಿದ್ದರು. ಕಾರ್ಯದರ್ಶಿ ಮೆಟ್ಟಿಲಿಳಿದು ಬಂದು ಅಂಗಡಿಯವನ ಬೆನ್ನು ತಟ್ಟಿದರು. "ನಾಯಿ ಅಂದ್ರೆ ಹೀಗಿರ್ಬೇಕು. ಮರಿ ಹಾಕಿದ್ರೆ ನಮ್ಮ ಅಂಗಡಿಗೊಂದು ಇರ್ಲಿ."

ಅಂಗಡಿಯವ ಬಟ್ಟಲಿನ ಚೂರು ಅಂಗಿಯಿಂದ ಕೊಡವುತ್ತ ಹೇಳಿದ, "ನೋಡೋಣ. ನಿಮಗಿಂತ ಮೊದ್ಲೇ ಮೂರು ಜನ ಹೇಳಿ ಇಟ್ಟಿದ್ದಾರೆ."

ಗುರುತು

ಹೊನ್ನಾವರದ ಎಣ್ಣೆ ಮಿಲ್ಲಿನವರೊಬ್ಬರು ಕೊಬ್ಬರಿ ಕಾಯಲು ಒಂದು ಕಂದು ನಾಯಿ ಸಾಕಿದ್ದರು. ಒಂದು ಬೆಳಿಗ್ಗೆ ಮಿಲ್ಲಿಗೆ ಬಂದರೆ ಕೊಬ್ಬರಿ ಇದ್ದ ಹಾಗೇ ಇತ್ತು, ಎಣ್ಣೆ ಡಬ್ಬಿ ಇದ್ದ ಹಾಗೇ ಇತ್ತು, ನಾಯಿ ಇರಲಿಲ್ಲ. ಸರಪಳಿ ಕತ್ತರಿಸಿ ಯಾರೋ ಒಯ್ದಿದ್ದರು.

ಅವರು ಪೊಲೀಸರ ಹತ್ತಿರ ಹೋದರು. "ಮತ್ತೆಂತ ಕಳುವಾಗಿದೆ?" ಎಂದು ಪೊಲೀಸರು ಕೇಳಿದರು.

"ಮತ್ತೆಂತದೂ ಇಲ್ಲ. ನಾಯಿ ಮಾತ್ರ."

"ಹಾಗಾದ್ರೆ ನಾಯಿ ಅದರ ಕೆಲಸ ಮಾಡಿದೆಯಲ್ಲ, ಸಾಮಾನು ಎಲ್ಲ ಉಳೀತು."

ಊರೆಲ್ಲ ಇದನ್ನು ಹೇಳಿ ನಕ್ಕಿತು. ಮಿಲ್ಲಿನವರಿಗೆ ನಗು ಬರಲಿಲ್ಲ. ಮಕ್ಕಳಿಲ್ಲದ ಮನೆ. ಅವರ ಹೆಂಡತಿ ಊಟಕ್ಕೆ ಕೂರುವ ಮೊದಲು ನಾಯಿಯ ತಟ್ಟೆಗೆ ಅನ್ನ ಹಾಕಿಡುವುದನ್ನು ಬಿಟ್ಟಿರಲಿಲ್ಲ. ಇವರು ಆಮೇಲೆ ಅದನ್ನು ತೆಗೆದು ಕಾಗೆಗೆ ಹಾಕುತ್ತಿದ್ದರು.

ಎಷ್ಟೋ ದಿನದ ಮೇಲೆ ಒಬ್ಬ ಲಾರಿ ಡ್ರೈವರ್ ಸುದ್ದಿ ತಂದ. ಕುಮಟಾ ದಾಟಿ ಮರ ಕೊಯ್ಯುವ ಒಂದು ಸಾಮಿಲ್ಲಿನ ಗೇಟಿನಲ್ಲಿ ಅಂಥದೇ ನಾಯಿ ಇದೆಯಂತೆ. ಮಿಲ್ಲಿನವರು ನನ್ನ ಕ್ಲಿನಿಕ್ಕಿಗೆ ಬಂದು, "ಡಾಕ್ಟ್ರೇ, ನೀವೂ ಬನ್ನಿ. ನಾನೊಬ್ಬನೇ ಹೋದ್ರೆ ನನಗೆ ಮಾತು ಬರೂದಿಲ್ಲ" ಎಂದರು.

ಹೋದೆವು. ನಾನು ಕಾರನ್ನು ಮರದ ನೆರಳಿಗೆ ನಿಲ್ಲಿಸುವಷ್ಟರಲ್ಲಿ ಅವರು ಇಳಿದು ಓಡಿ, ಹೆಸರು ಹಿಡಿದು ಕೂಗುತ್ತ ಗೇಟಿಗೆ ಕೈ ಹಾಕಿದರು. ನಾಯಿ ಒಳಗಿನಿಂದ ಎಗರಿ ಬಂದು ಅವರ ಬೆರಳು ಹೋಗುವ ಹಾಗೆ ಗೇಟು ಕಚ್ಚಿತು.

ಸಾಮಿಲ್ಲಿನವರು ಹೊರಗೆ ಬಂದರು. ದೊಡ್ಡ ಆಳು, ದೊಡ್ಡ ಮೀಸೆ. ಸಂಗತಿ ಕೇಳಿ ಹೇಳಿದರು, "ನಾನು ಇದನ್ನ ರಸ್ತೆಲಿ ಒಬ್ಬನ ಹತ್ರ ಸರಿಯಾಗಿ ದುಡ್ಡು ಕೊಟ್ಟು ತಕಂಡದ್ದು. ನಿಮ್ದೇ ಆಗಿದ್ರೆ ನಿಮ್ಮನ್ನೇ ಕಚ್ಚುಕೆ ಬತ್ತದ್ಯಾ?"

"ಗೇಟಿಗೆ ಕೈ ಹಾಕಿದವ ಯಾರೇ ಆಗ್ಲಿ ಎಗರ್ಬೇಕು ಅಂತ ನಾನೇ ಕಲಿಸಿದ್ದು," ಎಂದರು ಮಿಲ್ಲಿನವರು. ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಅಳುವೂ ಇತ್ತು.

"ಅದೆಲ್ಲ ಬಾಯಿಮಾತು. ಗುರುತು ಎಂತ ಉಂಟು?"

ನಾಯಿ ಬೊಗಳುತ್ತಲೇ ಇತ್ತು. ಇಬ್ಬರ ಮಾತೂ ಏರುತ್ತಿತ್ತು. ಅಷ್ಟರಲ್ಲಿ ನಾನು ಕಾರಿಗೆ ಬೀಗ ಹಾಕಿ, ಅಭ್ಯಾಸದಂತೆ ಚೀಲ ಹಿಡಿದುಕೊಂಡು ಅಲ್ಲಿಗೆ ಬಂದೆ. ನಾಯಿ ನನ್ನನ್ನು ನೋಡಿತು. ಬೊಗಳುತ್ತಿದ್ದದ್ದು ಅರ್ಧಕ್ಕೇ ನಿಂತಿತು. ಬಾಲ ಹೊಟ್ಟೆಯ ಕೆಳಗೆ ಹೋಯಿತು. ಒಂದೊಂದೇ ಹೆಜ್ಜೆ ಹಿಂದೆ ಇಟ್ಟು, ಮುಖವನ್ನು ನನ್ನ ಕಡೆಗೇ ಇಟ್ಟುಕೊಂಡು, ಅಲ್ಲಿ ನಿಂತಿದ್ದ ಲಾರಿಯ ಕೆಳಗೆ ತೆವಳಿ ಹೋಗಿ ಕಣ್ಣು ಮುಚ್ಚಿಕೊಂಡಿತು.

ಗರಗಸದವರೂ ಕೆಲಸ ನಿಲ್ಲಿಸಿ ನೋಡಿದರು. ಸಾಮಿಲ್ಲಿನವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದರು. "ನೀವು ಯಾರು?"

"ಪಶುವೈದ್ಯ," ಎಂದೆ. "ಅದಕ್ಕೆ ಉಣ್ಣಿ ಜ್ವರ ಬಂದಾಗ ದಿನಾ ಇಂಜೆಕ್ಷನ್ ಕೊಟ್ಟವ ನಾನೇ."

ಸಾಮಿಲ್ಲಿನವರು ಗೇಟು ತೆಗೆದರು. ಮಿಲ್ಲಿನವರು ಹೋಗಿ ಲಾರಿಯ ಹತ್ತಿರ ಮರದ ಪುಡಿಯಲ್ಲೇ ಕೂತು ಮೆಲ್ಲಗೆ ಕರೆದರು. ಸ್ವಲ್ಪ ಹೊತ್ತಿಗೆ ಒಂದು ಮೂತಿ ಹೊರಗೆ ಬಂತು. ಅವರ ಅಂಗೈ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಅಷ್ಟು ದೊಡ್ಡ ನಾಯಿ ಪೂರಾ ಅವರ ಮಡಿಲಿಗೆ ಬಂದು ಬಿದ್ದು, ಮರಿಯ ಹಾಗೆ ಕುಂಯ್‌ಗುಟ್ಟಿತು. ಮಿಲ್ಲಿನವರು ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿದರು. ಸಾಮಿಲ್ಲಿನವರು ಆಚೆ ತಿರುಗಿ ಮೀಸೆ ಒರೆಸಿಕೊಂಡರು.

"ಒಯ್ಯಿರಿ," ಎಂದರು. "ನನಗೆ ದುಡ್ಡೂ ಬ್ಯಾಡ. ನಾಯಿ ನಿಮ್ದೇ."

ಮಿಲ್ಲಿನವರು ಕೈಮುಗಿದರು. ನಾಯಿಯನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡರು. ನಾನೂ ಕಾರಿನ ಬಾಗಿಲು ತೆಗೆದೆ. ಸಾಮಿಲ್ಲಿನವರು ಬಂದು ಬಾಗಿಲಿಗೆ ಕೈ ಅಡ್ಡ ಇಟ್ಟರು.

"ಒಂದು ಮಾತು," ಎಂದರು ಮಿಲ್ಲಿನವರಿಗೆ. "ಇದು ಬಂದ ಮೇಲೆ ನಮ್ಮಲ್ಲಿ ಒಂದು ಚೂರು ಕಟ್ಟಿಗೆ ಹೋಗ್ಲಿಲ್ಲ. ಇಡೀ ಊರು ಇದಕ್ಕೆ ಹೆದರ್ತಿತ್ತು. ಇಂಥಾ ನಾಯಿ ಇವ್ರನ್ನ ಕಂಡು ಲಾರಿ ಅಡಿಗೆ ಹೋತು. ನಾಯಿ ಒಯ್ಯಿರಿ, ಅಡ್ಡಿಲ್ಲ. ಡಾಕ್ಟರನ್ನ ಇಲ್ಲೇ ಗೇಟಲ್ಲಿ ಬಿಟ್ಟು ಹೋಗಿ."