ಮೂರನೆಯ ಭಾನುವಾರದ ತಕರಾರು

ಇಂಡಿ ಪಟ್ಟಣದ ನಮ್ಮ ಕ್ರೈಸ್ತ ಸಭೆಯಲ್ಲಿ ಮದುವೆಯಾಗಲಿರುವ ವಧೂವರರ ಹೆಸರುಗಳನ್ನು ಮೂರು ಭಾನುವಾರಗಳ ಆರಾಧನೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯುಂಟು. ಓದಿದ ಮೇಲೆ, “ಇವರ ವಿವಾಹಕ್ಕೆ ನ್ಯಾಯವಾದ ಅಡ್ಡಿಯೇನಾದರೂ ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದಲ್ಲಿ, ದೇವರ ಸನ್ನಿಧಿಯಲ್ಲಿ ಈಗಲೇ ತಿಳಿಸತಕ್ಕದ್ದು” ಎಂದು ಕೇಳಬೇಕು. ಒಂದು ಉಸಿರೆಳೆಯುವಷ್ಟು ಹೊತ್ತು ನಿಲ್ಲಬೇಕು. ಬಳಿಕ ವಹಿಯಲ್ಲಿ ‘ಆಕ್ಷೇಪಣೆ: ಇಲ್ಲ’ ಎಂದು ಬರೆದು ಸಹಿ ಮಾಡಬೇಕು. ಸಭೆಯ ಹಿರಿಯನಾದ ನಾನು ಇಪ್ಪತ್ತೆರಡು ವರ್ಷಗಳಿಂದ ಈ ಕಾರ್ಯವನ್ನು ಭಯಭಕ್ತಿಯಿಂದ ನಡೆಸಿಕೊಂಡು ಬಂದವನು. ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದವನಾದ್ದರಿಂದ ಉಚ್ಚಾರದಲ್ಲಿ ದೋಷವಿಲ್ಲ. ನಿಯಮನಿಷ್ಠನಾದ್ದರಿಂದ ಕ್ರಮದಲ್ಲಿ ಲೋಪವಿಲ್ಲ. ಹೀಗಿರುವಾಗ ನನ್ನ ಸ್ವಂತ ಮೊಮ್ಮಗಳಾದ ಎಸ್ತೇರಳ ಪ್ರಕಟಣೆಯಲ್ಲಿ ತಪ್ಪಾದೀತೆಂಬ ಶಂಕೆ ನನಗೆ ಹೇಗೆ ಬರಬೇಕು? ಬರಲಿಲ್ಲ. ಬರಬೇಕಾಗಿತ್ತು!

ವರ ದಾನಿಯೇಲ ಮುದ್ದೇಬಿಹಾಳದವನು, ಸೈನ್ಯದಲ್ಲಿ ಸಿಪಾಯಿ. ಮಂಗಳವಾರ ಮದುವೆ. ಶುಕ್ರವಾರ ಅವನು ರೈಲು ಹತ್ತಲೇಬೇಕು. ಮತ್ತೆ ರಜೆ ಸಿಗುವುದು ಮುಂದಿನ ವರ್ಷ. ಎರಡು ಭಾನುವಾರ ಹೆಸರು ಓದಿಯಾಗಿತ್ತು. ಉಳಿದದ್ದು ಒಂದೇ. ಆ ದಿನ ಸಭಾಪಾಲಕರು ಮುದ್ದೇಬಿಹಾಳದ ಸಭೆಗೆ ಹೋಗಿದ್ದರಿಂದ ಆರಾಧನೆಯೂ ಪ್ರಸಂಗವೂ ನನ್ನ ಹೆಗಲಿಗೆ ಬಂದವು. ‘ಸಮಯದ ಸದ್ವಿನಿಯೋಗ’ ಎಂಬ ಗಂಭೀರ ವಿಷಯವನ್ನು ಆರಿಸಿಕೊಂಡು ಒಂದು ಗಂಟೆ ಇಪ್ಪತ್ತು ನಿಮಿಷ ಬೋಧಿಸಿದೆ. ಮುಂದಿನ ಸಾಲಿನ ಕೂಸೊಂದು ಅತ್ತು, ಮಲಗಿ, ಎದ್ದು, ಪುನಃ ಅತ್ತಿತು. ಕೊನೆಗೆ ಗಡಿಯಾರ ನೋಡಿ ನಾನೇ ಬೆಚ್ಚಿ, “ಪ್ರಕಟಣೆಗಳು ಮುಂದಿನ ವಾರ” ಎಂದು ಸಾರಿ, ಆಶೀರ್ವಾದ ನುಡಿದು ಜನರನ್ನು ಕಳಿಸಿಬಿಟ್ಟೆ.

ಮಧ್ಯಾಹ್ನ ರೊಟ್ಟಿ ನೀಡುತ್ತ ನನ್ನ ಹೆಂಡತಿ ಸಾರಮ್ಮ ಕೇಳಿದಳು:

“ಏನ್ರಿ, ಇವತ್ತ ಎಸ್ತೇರಳ ಹೆಸರು ಓದಿದ್ದು ನನಗ ಕೇಳಿಸಲೇ ಇಲ್ಲಲ್ಲ. ನಿದ್ದಿ ಹತ್ತಿತ್ತೇನು ನನಗ?”

ತುತ್ತು ಕೈಯಲ್ಲಿಯೇ ಉಳಿಯಿತು.

“ಹತ್ತಿತ್ತು ಅಂತ ಅನ್ನು,” ಎಂದು ನಾನು ಕ್ಷೀಣಸ್ವರದಲ್ಲಿ ಬೇಡಿಕೊಂಡೆ.

“ಅಂದ್ರ ಓದಿಲ್ಲ!”

ಸಭಾಪಾಲಕರಿಗೆ ಫೋನು ಮಾಡಿದೆ. ಅವರು ವಯಸ್ಸಿನಲ್ಲಿ ನನ್ನ ಮಗನಂತಿದ್ದರೂ ಸ್ಥಾನದಲ್ಲಿ ನನ್ನ ತಂದೆಯಂತಿರುವವರು. “ಹಿರಿಯರ, ಎರಡೇ ಸಲ ಓದಿದ ಮದುವಿ ನಾ ಹೆಂಗ್ ಮಾಡ್ಲಿ? ಈ ನೇಮ ಬಿಗಿ ಮಾಡಿದವ್ರು ನೀವೇ ಅಲ್ಲೇನ್ರಿ?” ಎಂದರು. ಸತ್ಯ. ‘ಯಾವ ಕಾರಣಕ್ಕೂ ವಿನಾಯಿತಿ ಸಲ್ಲದು’ ಎಂಬ ವಾಕ್ಯ ನನ್ನದೇ. ಕೆಳಗೆ ಎರಡು ಗೆರೆ ಎಳೆದವನೂ ನಾನೇ.

ಆದರೆ ಪಾಲಕರು ಕರುಣಾಳು. ಭಾನುವಾರ ಇನ್ನೂ ಮುಗಿದಿರಲಿಲ್ಲ. ಅವರ ಕೈಕೆಳಗಿನ ಯಾವ ಸಭೆಯಲ್ಲಿ ಓದಿದರೂ ನಡೆಯುತ್ತದೆ. ಮುದ್ದೇಬಿಹಾಳದ ಆರಾಧನೆ ಮುಗಿದಿದೆ, ಸಿಂದಗಿಯಲ್ಲಿ ನಾಲ್ಕು ಗಂಟೆಗೆ ಆರಾಧನೆಯಿದೆ ಎಂದರು. ನಾನು ವಹಿಯನ್ನು ಚೀಲದಲ್ಲಿಟ್ಟು ಹೊರಟೆ. ಸಾರಮ್ಮನೂ ಸೆರಗು ಸುತ್ತಿ ಎದ್ದಳು.

“ನೀ ಯಾಕ?”

“ನಿಮ್ಮೊಬ್ಬರನ್ನ ಕಳಿಸಿದ್ರ ಅಲ್ಲೂ ಪ್ರಸಂಗ ಶುರು ಮಾಡ್ತೀರಿ.”

ಬಸ್ಸು ಅರ್ಧ ದಾರಿ ಸಾಗಿರಬಹುದು. ಎದುರಿನಿಂದ ಟೆಂಪೋ ಒಂದು ಬಂತು. ಅದರ ತುಂಬ ಜನ ದೇವರ ಪದಗಳನ್ನು ಹಾಡುತ್ತ ಚಪ್ಪಾಳೆ ತಟ್ಟುತ್ತಿದ್ದರು. ಕೆಲವರು ನನ್ನನ್ನು ಕಂಡು ಕೈಬೀಸಿದರು. ಈ ಕಾಲದಲ್ಲಿಯೂ ರಸ್ತೆಯ ಮೇಲೆ ಇಂಥ ಭಕ್ತಿಯುಂಟಲ್ಲ ಎಂದು ಹೃದಯ ತುಂಬಿ, ಕಿಟಕಿಯಿಂದ ಬಲಗೈ ಚಾಚಿ ಅವರನ್ನು ಆಶೀರ್ವದಿಸಿದೆ. ಸಿಂದಗಿ ತಲುಪಿದರೆ ಪ್ರಾರ್ಥನಾಮಂದಿರಕ್ಕೆ ಬೀಗ! ಪಕ್ಕದ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದವರು ತಲೆಯೆತ್ತಿ ಹೇಳಿದರು:

“ಎಲ್ಲಾರೂ ಟೆಂಪೋ ಮಾಡ್ಕೊಂಡು ಇಂಡಿಗೆ ಹ್ವಾದ್ರಲ್ರಿ. ಯಾರೋ ಹಿರಿಯರ ಮೊಮ್ಮಗಳ ಮದುವಿಯಂತ, ಎರಡು ದಿನ ಮೊದಲೇ ಹಾಡಾಕ ಹ್ವಾದ್ರು. ನಿಮಗ ದಾರ್ಯಾಗ ಭೆಟ್ಟಿ ಆಗ್ಲಿಲ್ಲೇನು?”

ಸಾರಮ್ಮ ಮಂದಿರದ ಮೆಟ್ಟಿಲ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಾನು ಆಶೀರ್ವದಿಸಿದ ಕೈಯಿಂದಲೇ ಬೆವರು ಒರೆಸಿಕೊಂಡೆ.

ಪುನಃ ಪಾಲಕರಿಗೆ ಫೋನು. ಉಳಿದದ್ದು ಒಂದೇ ಸ್ಥಳ: ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿ. ಅಲ್ಲಿ ಮರಿಯವ್ವ ಎಂಬವರ ಮನೆಯಲ್ಲಿ, ಹೊಲದ ಕೆಲಸದಿಂದ ಬಂದವರು ದೀಪ ಹಚ್ಚುವ ಹೊತ್ತಿಗೆ ಕೂಡುತ್ತಾರೆ. ಪಾಲಕರು ತಿಂಗಳಿಗೊಮ್ಮೆ ಹೋಗುತ್ತಾರೆ. ನಾನು ಎಂದೂ ಹೋದವನಲ್ಲ. ಆದರೂ ನಮ್ಮ ವಾರ್ಷಿಕ ವರದಿಯಲ್ಲಿ ‘ಹೂವಿನ ಹಿಪ್ಪರಗಿ: ಸೇವೆ ಆಶಾದಾಯಕವಾಗಿ ಸಾಗಿದೆ’ ಎಂದು ಪ್ರತಿ ವರ್ಷ ಬರೆಯುವವನು ನಾನೇ!

ಸೂರ್ಯ ಇಳಿಯುವ ಹೊತ್ತಿಗೆ ತಲುಪಿದೆವು. ಮಣ್ಣಿನ ಮಾಳಿಗೆಯ ಪುಟ್ಟ ಮನೆ. ಪಡಸಾಲೆಯಲ್ಲಿ ಚಾಪೆ ಹಾಸಿ ಮರಿಯವ್ವನವರೂ ಸೇರಿ ಎಂಟು ಮಂದಿ ಹೆಂಗಸರು, ಇಬ್ಬರು ಗಂಡಸರು ಕುಳಿತಿದ್ದರು. ಮರಿಯವ್ವನವರಿಗೆ ನನ್ನಷ್ಟೇ ವಯಸ್ಸಿದ್ದೀತು. ತಂಬಿಗೆ ನೀರು ಕೊಟ್ಟು, “ದೊಡ್ಡ ಸಭೀದಾಗಿಂದ ಹಿರಿಯರು ಬಂದಾರ” ಎಂದು ಎಲ್ಲರಿಗೂ ಹೇಳಿ, ಕುಳಿತುಕೊಳ್ಳಲು ಚಾಪೆ ತೋರಿಸಿದರು. ನಾನು ಕುಳಿತುಕೊಳ್ಳಲಿಲ್ಲ. ಹಾಡು, ಪ್ರಾರ್ಥನೆ ಮುಗಿದೊಡನೆ ವಹಿ ತೆರೆದು, ನಿಂತೇ ಓದಿದೆ. ಅಡ್ಡಿಯಿದ್ದಲ್ಲಿ ತಿಳಿಸತಕ್ಕದ್ದೆಂದು ಕೇಳಿದೆ. ಉಸಿರೆಳೆದೆ. ಲೇಖನಿಯನ್ನು ಕಾಗದಕ್ಕೆ ತಾಗಿಸಿದೆ.

“ನಂದೊಂದು ತಕರಾರ ಐತ್ರಿ,” ಎಂದರು ಮರಿಯವ್ವ.

ಇಪ್ಪತ್ತೆರಡು ವರ್ಷಗಳಲ್ಲಿ ಈ ವಾಕ್ಯವನ್ನು ನಾನು ಕೇಳಿರಲಿಲ್ಲ. ಸಾರಮ್ಮನ ಮುಖ ಬಿಳಿಚಿತು.

“ಏನ್... ಏನ್ ತಕರಾರವ್ವ? ಹುಡುಗನ ಬಗ್ಗೆ ಏನರ ಗೊತ್ತೈತೇನು?” ಎಂದೆ.

“ಏನೂ ಗೊತ್ತಿಲ್ಲ. ಅದೇ ತಕರಾರ. ಆ ಹುಡುಗನ್ನ ನಾ ನೋಡಿಲ್ಲ. ಹುಡುಗೀನೂ ನೋಡಿಲ್ಲ. ನೀವು ದೇವರ ಮುಂದ ಕೇಳಾಕತ್ತೀರಿ. ನಾ ಸುಮ್ಕ ಕುಂತ್ರ ಎಲ್ಲಾ ಬರೋಬರಿ ಐತಿ ಅಂತ ಸಾಕ್ಷಿ ಹೇಳಿದಂಗ ಆತಲ್ರಿ? ಸುಳ್ಳು ಸಾಕ್ಷಿ ಹೆಂಗ್ ಹೇಳ್ಲಿ?”

“ಇದು ಬರೇ ಕೇಳೋ ಪದ್ಧತಿ ಐತಿ, ಅವ್ವಾರ...”

“ದೇವರ ಹೆಸರು ತಗೊಂಡು ಕೇಳಿದ್ರಿ. ಉತ್ರ ಬ್ಯಾಡಾಗಿದ್ರ ಕೇಳಬಾರದಿತ್ತು.”

ಚಾಪೆಯ ಮೇಲಿದ್ದವರೆಲ್ಲ, “ಹೌದಲ್ರಿ ಮತ್ತ” ಎಂದು ತಲೆದೂಗಿದರು. ಆಕ್ಷೇಪಣೆ ಬಂದಲ್ಲಿ, ಎತ್ತಿದವರಿಗೆ ಸಮಾಧಾನವಾಗುವ ತನಕ ಮದುವೆ ನಡೆಸಕೂಡದೆಂದು ನಿಯಮ. ಅದರ ಕೆಳಗೂ ಎರಡು ಗೆರೆಗಳಿವೆ. ಯಾರವೆಂದು ಹೇಳಬೇಕಾಗಿಲ್ಲ!

ಸಾರಮ್ಮನೇ ಮೊದಲು ಚೇತರಿಸಿಕೊಂಡಳು. “ಇಬ್ಬರಿಗೂ ಫೋನ್ ಹಚ್ಚಿ ಮಾತಾಡಿಸ್ರಿ. ಅವ್ವಾರು ಕೇಳ್ಲಿ.”

ಆದರೆ ಆ ಪಡಸಾಲೆಗೆ ಫೋನಿನ ಸಿಗ್ನಲ್ಲು ಇಳಿಯುವುದಿಲ್ಲ. ಮಾಳಿಗೆ ಹತ್ತಬೇಕು, ಹತ್ತಲು ಬಿದಿರಿನ ಏಣಿ. ಮರಿಯವ್ವ ಸೆರಗು ಸಿಕ್ಕಿಸಿ ಸರಸರನೆ ಏರಿದರು. ನಾನು ಒಂದು ಕೈಯಲ್ಲಿ ಧೋತರದ ನಿರಿಗೆ, ಇನ್ನೊಂದರಲ್ಲಿ ವಹಿ ಹಿಡಿದು, ಏಣಿಯನ್ನು ಹಿಡಿಯಲು ಮೂರನೆಯ ಕೈಯನ್ನು ಹುಡುಕುತ್ತ ನಿಂತೆ. ಕೆಳಗಿನಿಂದ ನಾಲ್ಕು ಮಂದಿ ತಾಯಂದಿರು ನನ್ನನ್ನು ಕಾಳಿನ ಚೀಲದಂತೆ ಮೇಲಕ್ಕೆ ನೂಕಿದರು. ಹಿಂದೆಯೇ ಸಭೆ ಪೂರ್ತಿ ಮಾಳಿಗೆಗೆ ಬಂತು.

ಮೊದಲು ವರ. ಎಲ್ಲರಿಗೂ ಕೇಳುವಂತೆ ಫೋನಿನ ಸ್ಪೀಕರ್ ಹಾಕಿದೆ.

“ನಾ ಹೂವಿನ ಹಿಪ್ಪರಗಿ ಮರಿಯವ್ವ. ನಿನ್ನ ಮದುವಿಗೆ ತಕರಾರ ಮಾಡೇನಿ.”

“ನಾ ಏನ್ ಮಾಡೇನ್ರಿ, ಆಯಿ?”

“ಅದನ್ನ ಕೇಳಾಕ ಹಚ್ಚೇನಿ. ಕುಡೀತಿಯೇನಪಾ?”

ನಾನು ಮುಗುಳ್ನಕ್ಕೆ. ಈ ವರನಿಗೆ ಚಾರಿತ್ರ್ಯಪತ್ರ ಬರೆದುಕೊಟ್ಟವನು ನಾನು. ‘ಮದ್ಯದ ಗಾಳಿಯೂ ಸೋಕದ ಯುವಕ’ ಎಂಬುದು ಅದರ ಮೊದಲ ವಾಕ್ಯ.

“ಇಲ್ರಿ ಆಯಿ.”

“ದೇವರ ಮುಂದ ಹೇಳಾಕತ್ತಿ, ತಮ್ಮಾ.”

“...ಚಳಿ ಭಾಳ ಇದ್ದಾಗ ಒಮ್ಮೊಮ್ಮೆ, ಒಂದೀಟು ಕುಡಿದಿದ್ದೆನ್ರಿ. ಈಗ ಬಿಟ್ಟೇನಿ. ಎಸ್ತೇರಗ ಎಲ್ಲಾ ಹೇಳೇನ್ರಿ. ಆಕಿ ಅಜ್ಜಾರಿಗೆ ಮಾತ್ರ ಹೇಳಿಲ್ಲ.”

“ಆತು. ಅಜ್ಜಾರೂ ಈಗ ಕೇಳಿದ್ರು ಬಿಡು,” ಎಂದರು ಮರಿಯವ್ವ.

ಮಾಳಿಗೆಯ ಮೇಲೆ ನಗೆಯೆದ್ದಿತು. ನಾನು ವಹಿಯನ್ನು ನೋಡುತ್ತ ನಿಂತೆ.

ಬಳಿಕ ಎಸ್ತೇರಳಿಗೆ ಫೋನು ಹಚ್ಚಿದೆ. ಹಿಂದೆ ಸಿಂದಗಿಯವರ ಹಾಡು ಕೇಳುತ್ತಿತ್ತು. ಮರಿಯವ್ವ ಸ್ಪೀಕರ್ ಆರಿಸಲು ಹೇಳಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. “ಮಂದ್ಯಾಗ ಬ್ಯಾಡ, ತಂಗಿ. ಹೊರಗ ಬಾ” ಎನ್ನುತ್ತ ಮಾಳಿಗೆಯ ಆಚೆ ಮೂಲೆಗೆ ನಡೆದರು. ಅಲ್ಲಿ ನಮಗೆ ಬೆನ್ನು ಮಾಡಿ ಕುಳಿತು ಮಾತಾಡತೊಡಗಿದರು. ಐದು ನಿಮಿಷವಾಯಿತು. ಹತ್ತಾಯಿತು.

“ಅಷ್ಟೊತ್ತು ಏನ್ ಮಾತು?” ಎಂದೆ.

ಸಾರಮ್ಮ ತಗ್ಗಿದ ದನಿಯಲ್ಲಿ ಕೇಳಿದಳು: “ಈ ಸಂಬಂಧಕ್ಕ ನಿನಗ ಮನಸೈತೇನಂತ ನೀವು ಎಂದರ ಆಕಿನ್ನ ಕೇಳಿದ್ರೇನು?”

ಇಲ್ಲ. ಊರಿಗೆ ಊರನ್ನೇ ಕೇಳಲು ಹೊರಟಿದ್ದೆ. ನಮ್ಮ ಮನೆಯಲ್ಲಿಯೇ ಬೆಳೆದ ಅವಳೊಬ್ಬಳನ್ನು ಕೇಳಿರಲಿಲ್ಲ. “ನೀ ಕೇಳಿದ್ದೇನು?” ಎಂದೆ.

“ನಾನೂ ಕೇಳಿಲ್ರಿ,” ಎಂದಳು.

ಅವಳಿಗೆ ಮನಸ್ಸಿಲ್ಲದಿದ್ದರೆ? ಈ ಪ್ರಶ್ನೆ ಆಗ ಮೊದಲ ಸಲ ನನ್ನೊಳಗೆ ಹುಟ್ಟಿತು. ಮಧ್ಯಾಹ್ನದಿಂದ ಮದುವೆ ನಿಂತೀತೆಂದು ಅಂಜಿ ಓಡಾಡಿದ್ದ ನಾನು, ಆ ಮಾಳಿಗೆಯ ಮೇಲೆ ಕಣ್ಣುಮುಚ್ಚಿ, ಅವಳಿಗೆ ಬೇಡವಾಗಿದ್ದರೆ ನಿಲ್ಲಲಿ ಸ್ವಾಮಿ ಎಂದು ಪ್ರಾರ್ಥಿಸಿದೆ. ನನ್ನ ಜೀವಮಾನದಲ್ಲಿಯೇ ಅದು ಅತಿ ಚಿಕ್ಕ ಪ್ರಾರ್ಥನೆ.

ಮರಿಯವ್ವ ಎದ್ದು ಬಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದರು. ಮುಖದಲ್ಲಿ ನಗುವೂ ಇತ್ತು.

“ತಕರಾರ ತೀರಿತ್ರಿ. ಬರ್ಕೊಳ್ರಿ.”

“ಏನಂದ್ಲು?”

“ಮನಸೈತಂತ. ಭಾಳ ಐತಂತ. ಉಳಿದಿದ್ದು ನನಗೂ ಆಕಿಗೂ ಇರ್ಲಿ. ನಿಮ್ಮ ವಹಿಯೊಳಗ ಅದಕ್ಕ ಜಾಗಾ ಇಲ್ಲ.”

ನನ್ನ ಕೈ ರೂಢಿಯಂತೆ ‘ಇಲ್ಲ’ ಎಂದು ಬರೆಯಹೋಯಿತು. ತಡೆದು, ‘ಆಕ್ಷೇಪಣೆ: ಒಂದು. ಯುಕ್ತವಾದದ್ದು. ಪರಿಹಾರವಾಯಿತು’ ಎಂದು ಬರೆದೆ. ನನ್ನ ಸಹಿಯ ಪಕ್ಕದಲ್ಲಿ ಮರಿಯವ್ವನವರ ಸಹಿಯನ್ನೂ ಪಡೆದೆ. ಅಲ್ಲಿಂದ ಇಳಿದ ವೃತ್ತಾಂತವನ್ನು ವಿಸ್ತರಿಸುವುದಿಲ್ಲ. “ಎಡಗಾಲು ಕೆಳಗ ಇಡ್ರಿ ಹಿರಿಯರ... ಎಡಗಾಲು... ಅದು ಬಲಗಾಲ್ರಿ!” ಎಂಬ ಧ್ವನಿ ಆ ಓಣಿಯ ಎಲ್ಲ ಮನೆಗಳಿಗೂ ಕೇಳಿಸಿತೆಂದಷ್ಟೇ ಹೇಳುತ್ತೇನೆ.

ಮಂಗಳವಾರ ಮದುವೆ ನಡೆಯಿತು. ಹೂವಿನ ಹಿಪ್ಪರಗಿಯ ಹತ್ತೂ ಮಂದಿ ಬಂದರು. ಎಸ್ತೇರಳೇ ಕೈಹಿಡಿದು ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ಪಾಲಕರು ಕಡೆಯ ಸಲ, “ಯಾರಿಗಾದರೂ ಅಡ್ಡಿ ತಿಳಿದಿದೆಯೋ?” ಎಂದು ಕೇಳಿದಾಗ ದೇವಾಲಯದಲ್ಲಿದ್ದ ಪ್ರತಿಯೊಬ್ಬರೂ ಮರಿಯವ್ವನ ಕಡೆ ತಿರುಗಿದರು. ಮದುಮಗ ಅಟೆನ್ಷನ್‌ನಲ್ಲಿ ನಿಂತ. ಮರಿಯವ್ವ ಇಬ್ಬರನ್ನೂ ಅವಸರವಿಲ್ಲದೆ ನೋಡಿ, ತಲೆಯಾಡಿಸಿ, ಸುಮ್ಮನಾದರು.

ಪಾಲಕರು ವಹಿಯನ್ನು ಓದಿದರು, ನನ್ನನ್ನು ಕರೆದರು. ಪ್ರಕಟಣೆ ಓದುವ ಕಾರ್ಯ ಈಗ ಬೇರೆಯವರಿಗೆ ಹೋಗಿದೆ. ನನಗೆ ಹೊಸ ಸೇವೆ ನೇಮಕವಾಗಿದೆ: ತಿಂಗಳಿಗೊಂದು ಭಾನುವಾರ ಹೂವಿನ ಹಿಪ್ಪರಗಿಗೆ ಹೋಗಿ, ಅಲ್ಲಿನವರು ಹೇಳುವುದನ್ನು ಕೇಳಿಕೊಂಡು ಬರುವುದು. ಪ್ರಸಂಗ ಮಾಡುವಂತಿಲ್ಲ! ಮೊದಲ ಸಲ ಹೋದಾಗ ಮರಿಯವ್ವ ನನ್ನನ್ನು ಹೊಸಬರೊಬ್ಬರಿಗೆ ಪರಿಚಯ ಮಾಡಿಕೊಟ್ಟರು:

“ಇವ್ರು ಇಂಡಿ ಹಿರಿಯರು. ಭಾಳ ಓದಿದವ್ರು. ಈಗ ನಮ್ಮ ಕೂಡ ಚಾಪಿ ಮ್ಯಾಲ ಕುಂದ್ರಾಕ ಕಲಿಯಾಕತ್ತಾರ.”

ಕಲಿಯುತ್ತಿದ್ದೇನೆ. ಅರ್ಧ ಗಂಟೆಗೇ ಕಾಲಿಗೆ ಜೋಮು ಹಿಡಿಯುತ್ತದೆ.