ಮುಖಕ್ಕೆ ಹಚ್ಚುವ ಎಣ್ಣೆ, ನಾಲಿಗೆಯ ಪರೀಕ್ಷೆ

ನಾನು ಎಣ್ಣೆಯನ್ನು ಮುಖಕ್ಕೆ ಹಚ್ಚಿಕೊಳ್ಳಿ ಎನ್ನುತ್ತೇನೆ. ಜನ ಅದೊಂದನ್ನು ಬಿಟ್ಟು ಬೇರೆಲ್ಲ ಮಾಡುತ್ತಾರೆ. ವಾರಕ್ಕೊಂದಾದರೂ ಇಂಥದ್ದು ನಡೆಯದಿದ್ದರೆ ಅಂಗಡಿ ತೆರೆದ ಹಾಗೇ ಅನಿಸುವುದಿಲ್ಲ.

ಬಳ್ಳಾರಿಯಲ್ಲಿ ನಮ್ಮದು ಗಾಣದ ಅಂಗಡಿ. ಮರದ ಗಾಣ, ಎತ್ತಿನ ಬದಲು ಮೋಟರು. ಶೇಂಗಾ, ಕುಸುಬಿ, ಎಳ್ಳು, ಕೊಬ್ಬರಿ ಎಲ್ಲವನ್ನೂ ಗಿರಾಕಿಯ ಕಣ್ಣೆದುರೇ ಹಿಂಡಿ ಕೊಡುತ್ತೇವೆ. ನಮ್ಮ ಮಾವನವರದ್ದೊಂದು ರೂಢಿ ಇದೆ. ಹೊಸ ಎಣ್ಣೆಯ ಮೊದಲ ಹನಿಯನ್ನು ಅಂಗೈಗೆ ಹಾಕಿಕೊಂಡು, ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, "ಅಸಲಿ ಐತಿ" ಎನ್ನುತ್ತಾರೆ. ಆ ಮಾತು ಬಂದ ಮೇಲೆಯೇ ಗಿರಾಕಿಗಳು ಕ್ಯಾನು ಮುಂದೆ ಮಾಡುವುದು.

ನನ್ನ ತವರು ದೇಶನೂರಿನ ಗದ್ದೆ ಕೆಸರಿನಲ್ಲಿ ಒಡೆದ ನಮ್ಮವ್ವನ ಕಾಲು ಬರೀ ಎಣ್ಣೆಯಿಂದ ಮೆತ್ತಗಾಗಿದ್ದನ್ನು ನೋಡಿ ಬೆಳೆದವಳು ನಾನು. ಚರ್ಮಕ್ಕೆಂದೇ ಸಣ್ಣ ಬಾಟಲಿಗಳಲ್ಲಿ ಎಣ್ಣೆ ಮಾರೋಣ ಎಂದೆ. ಮಾವನವರು ಕನ್ನಡಕದ ಮೇಲಿಂದ ನೋಡಿದರು.

"ತಿನ್ನೋ ಎಣ್ಣಿ ಅಂಗಡ್ಯಾಗ ಮಾರಿಗೆ ಹಚ್ಚೋದು ಏನವ್ವಾ? ಆತು, ಒಂದು ಹಲಗಿ ಕೊಡ್ತೀನಿ. ದೀಪಾವಳಿ ತನಕ ನೋಡೋಣು. ಜನ ಒಪ್ಪಲಿಲ್ಲಂದ್ರ ಅಲ್ಲಿ ಉಪ್ಪಿನಕಾಯಿ ಬಾಟ್ಲಿ ಬರ್ತಾವ."

ಗೋಡೆಯ ಆ ಒಂದು ಹಲಗೆ ನನ್ನದಾಗಿಯೇ ಉಳಿಯಬೇಕು ಎಂದು ಅವತ್ತೇ ಹಟ ತೊಟ್ಟೆ.

ಕುರುಗೋಡಿನ ನಾಲ್ಕು ತಟ್ಟೆ

ಕುರುಗೋಡಿನ ಮಹಿಳಾ ಸಂಘದವರು ಬಂದು ಮಾತಾಡಿ ಎಂದು ಕರೆದರು. ನಾಲ್ಕು ತಟ್ಟೆಗಳಲ್ಲಿ ನಾಲ್ಕು ಬಗೆಯ ಎಣ್ಣೆ ಸುರುವಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಣ ಚರ್ಮಕ್ಕೆ ಯಾವುದು, ಮೊಡವೆ ಇದ್ದವರು ಯಾವುದನ್ನು ಮುಟ್ಟಬಾರದು, ಎಲ್ಲವನ್ನೂ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಕೈಕಾಲು ತೊಳೆದು ಬಂದು ಹಚ್ಚಿ ತೋರಿಸುತ್ತೇನೆ ಎಂದು ನಲ್ಲಿಯ ಹತ್ತಿರ ಹೋದೆ.

ಬರುವಷ್ಟರಲ್ಲಿ ಯಾರೋ ರೊಟ್ಟಿಯ ಗಂಟು ಬಿಚ್ಚಿದ್ದರು. ಇನ್ಯಾರೋ ಶೇಂಗಾ ಚಟ್ನಿಪುಡಿ ತೆಗೆದಿದ್ದರು. ನಮ್ಮ ಕಡೆ ಚಟ್ನಿಪುಡಿ ಕಂಡಲ್ಲಿ ಹಸಿ ಎಣ್ಣೆ ಬೇಕೇ ಬೇಕು. ನಾಲ್ಕೂ ತಟ್ಟೆಗಳನ್ನು ರೊಟ್ಟಿಯ ಚೂರಿನಿಂದ ಒರೆಸಿ ಫಳಫಳ ಮಾಡಿಟ್ಟಿದ್ದರು. ಕೊಬ್ಬರಿ ಎಣ್ಣೆಯದೂ ಬಿಟ್ಟಿರಲಿಲ್ಲ.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೆ ನಿಜ ಹೇಳುತ್ತೇನೆ, ಹೆಮ್ಮೆಯೂ ಆಯಿತು. ತಿನ್ನಲು ಯೋಗ್ಯವಾದದ್ದನ್ನೇ ಮುಖಕ್ಕೆ ಕೊಡುತ್ತಿದ್ದೇನಲ್ಲ! ಮುಂದೆ ಕೂತಿದ್ದ ಹಿರಿಯಳು ಬೆರಳು ನೆಕ್ಕುತ್ತಾ ಕೇಳಿದಳು: "ಎಣ್ಣಿ ಭಾಳ ಚೊಲೋ ಅದಾವ ಬಿಡವ್ವಾ. ಮಾರಿಗೆ ಹಚ್ಚೋದು ಯಾವಾಗ ತಗೀತಿ?"

ಮೋಕದವರ ಮೊಣಕೈ

ಯಾರೇ ಬರಲಿ, ಒಂದು ಮಾತನ್ನು ತಪ್ಪದೆ ಹೇಳುತ್ತೇನೆ. ಮೊದಲು ಮೊಣಕೈ ಒಳಗಡೆ ಒಂದು ಹನಿ ಹಚ್ಚಿ, ಒಂದು ದಿನ ಹಾಗೇ ಬಿಡಿ. ತುರಿಕೆ, ಕೆಂಪು ಏನೂ ಬರದಿದ್ದರೆ ಆಮೇಲೆ ಮುಖಕ್ಕೆ.

ಮೋಕದ ಒಬ್ಬ ರೈತರು ಹೆಂಡತಿಯೊಂದಿಗೆ ಬಂದು ಎಳ್ಳೆಣ್ಣೆ ಒಯ್ದರು. ಮರುದಿನ ಗಂಡ ಹೆಂಡತಿ ಮತ್ತೆ ಹಾಜರು. ಗಂಡನ ಬಲಗೈ ಬಸ್ಸಿಗೆ ಕೈ ಮಾಡಿದವರ ಹಾಗೆ ನೆಟ್ಟಗೆ ಮುಂದಕ್ಕೆ ಚಾಚಿತ್ತು.

"ಕೈಗೆ ಏನಾತ್ರಿ?" ಎಂದು ಗಾಬರಿಯಾಗಿ ಕೇಳಿದೆ.

"ಏನೂ ಆಗಿಲ್ಲ. ಒಂದು ದಿನ ಹಂಗ ಬಿಡ್ರಿ ಅಂದಿದ್ರಲ್ಲ, ಮಡಚೇ ಇಲ್ಲ. ಹನಿ ಅಳಿಸಿ ಹೋದ್ರ?"

ಮೊಣಕೈ ನೋಡಿದೆ. ಒಂದು ಗುಳ್ಳೆಯಿಲ್ಲ, ಕೆಂಪಿಲ್ಲ. ಎಣ್ಣೆ ಪಾಸಾಗಿತ್ತು. ಹೆಂಡತಿ ಮಾತ್ರ ಸೊರಗಿದ್ದಳು. "ನಿನ್ನಿಯಿಂದ ಅನ್ನ ಕಲಸಿ ನಾನಽ ಉಣಿಸಾಕತ್ತೀನ್ರಿ ಅಕ್ಕಾ. ಇವತ್ತು ಮಾರಿಗೆ ಹಚ್ಚಿಕೊಂಡ್ರ, ನಾಳಿ ಇವರ ಬದಲಿ ಮಾತೂ ನಾನಽ ಆಡಬೇಕೇನ್ರಿ?"

ಸಿರುಗುಪ್ಪದ ಮದುಮಗಳು

ಸಿರುಗುಪ್ಪದ ಅಕ್ಕಿ ವ್ಯಾಪಾರಿಯೊಬ್ಬರ ಮಗಳಿಗೆ ನಿಕಾಹ್ ಗೊತ್ತಾಗಿತ್ತು. ಹುಡುಗಿಗೆ ಕುಸುಬಿ ಎಣ್ಣೆ ಕೊಟ್ಟು, ಒದ್ದೆ ಮುಖಕ್ಕೆ ಮೂರೇ ಹನಿ ಎಂದು ಹೇಳಿ ಕಳಿಸಿದ್ದೆ. ನಾಲ್ಕು ದಿನ ಬಿಟ್ಟು ಆಕೆ ತಮ್ಮನ ಬೈಕಿನ ಹಿಂದೆ ಕೂತು, ಬಟ್ಟೆ ಖರೀದಿಗೆಂದು ಬಳ್ಳಾರಿಗೆ ಬಂದಳು. ಅಂಗಡಿಯ ಮುಂದೆ ಇಳಿದಾಗ ನಾನು ಗುರುತೇ ಹಿಡಿಯಲಿಲ್ಲ. ಸಿರುಗುಪ್ಪದಿಂದ ಇಲ್ಲಿಯವರೆಗಿನ ದಾರಿಯ ಧೂಳೆಲ್ಲ ಅವಳ ಮುಖದ ಮೇಲಿತ್ತು.

"ಮೂರು ಹನಿ ಅಂದಿದ್ನಲ್ಲ ಮಗಳೇ?"

"ನಾನೂ ಅದನ್ನಽ ಅಂದೆ ಆಂಟಿ. ಅಮ್ಮಿ ಕೇಳಲೇ ಇಲ್ಲ. ಮದಿವಿ ಮನಿ, ಮೂರು ಹನಿ ಅಂದ್ರ ಬೀಗರು ಏನಂತಾರ ಅಂತ ಮೂರು ಚಮಚ ಸುರುವಿದ್ಲು!"

ಒಳಗೆ ಕರೆದು ಕಡಲೆಹಿಟ್ಟು ಕೊಟ್ಟೆ. ತೊಳೆದ ಮೇಲೆ ಆ ಕೆನ್ನೆ ನೋಡಬೇಕಿತ್ತು, ಹೂವಿನಷ್ಟು ಮೆತ್ತಗಿತ್ತು. ಇದು ನನ್ನ ಎಣ್ಣೆ ಎಂದು ಬಜಾರಿಗೆಲ್ಲ ಕೂಗಿ ಹೇಳಬೇಕು ಅನಿಸಿತು. ಅಕ್ಕನ ಮುಖವನ್ನೂ ತೊಳೆದ ನೀರನ್ನೂ ನೋಡಿ ತಮ್ಮ ಹೇಳಿದ: "ಆಂಟಿ, ಇನ್ನ ಎರಡು ಸಲ ಹಿಂಗ ಬಂದ್ರ ರಸ್ತೇನೂ ಸ್ವಚ್ಛ ಆಗತೈತಿ."

ಬೇವಿನ ಎಣ್ಣೆ

ದೀಪಾವಳಿಗೆ ಒಂದು ವಾರವಿತ್ತು. ಎಣ್ಣೆ ಸ್ನಾನದ ಹಬ್ಬ, ಅಂಗಡಿ ತುಂಬ ಜನ. ಬಾದನಹಟ್ಟಿಯ ನಮ್ಮಕ್ಕ ಬೇವಿನ ಬೀಜ ಆರಿಸಿ, ಒಣಗಿಸಿ, ಊರಲ್ಲೇ ಎಣ್ಣೆ ತೆಗೆಸಿ ಕಳಿಸಿದ್ದಳು. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹಚ್ಚಲೆಂದು ಅದನ್ನೂ ಹಲಗೆಯ ಮೇಲೆ ಇಟ್ಟಿದ್ದೆ.

ಹಳೆಯ ಗಿರಾಕಿ ಹೆಂಗಸೊಬ್ಬಳು ಆ ಬಾಟಲಿ ಎತ್ತಿ ಹಿಡಿದು ಮಾವನವರಿಗೆ ಸವಾಲು ಹಾಕಿದಳು. "ಯಜಮಾನ್ರೇ, ನಿಮ್ಮ ಎಲ್ಲಾ ಎಣ್ಣಿಗೂ ಅಸಲಿ ಅಂತೀರಿ. ಸೊಸಿ ಎಣ್ಣಿಗೆ ಒಂದಿನಾನೂ ಅಂದಿಲ್ಲ. ಯಾಕ, ನಕಲೀ ಏನು?"

ಅಂಗಡಿಯಲ್ಲಿದ್ದವರೆಲ್ಲ ಮಾವನವರತ್ತ ತಿರುಗಿದರು. ಹಲಗೆ ಉಳಿಯುವುದೋ ಹೋಗುವುದೋ ಈ ಗಳಿಗೆಯಲ್ಲೇ ತೀರ್ಮಾನವಾಗಲಿತ್ತು. ಆದರೂ ಮನಸ್ಸು ತಡೆಯದೆ, "ಮಾವಾರ, ಅದು ಬೇವಿಂದು, ನಾಲಗಿಗೆ ಬ್ಯಾಡ್ರಿ" ಎಂದೆ.

"ನಮ್ಮ ಅಂಗಡ್ಯಾಗ ನಾಲಗಿಗೆ ಹಚ್ಚದ ಎಣ್ಣಿ ಹೊರಗ ಹೋಗಂಗಿಲ್ಲ" ಎಂದು ಮಾವನವರು ಅಂಗೈಗೆ ಹನಿ ಹಾಕಿಕೊಂಡು ನಾಲಿಗೆಗೆ ಹಚ್ಚಿದರು.

ಮೊದಲು ಮೀಸೆ ಅಲುಗಿತು. ಆಮೇಲೆ ಹುಬ್ಬು ಗಂಟಾಯಿತು. ಕಣ್ಣಲ್ಲಿ ನೀರು ತುಂಬಿತು. ಉಗುಳಿದರೆ ಇಷ್ಟು ವರ್ಷದ ಮಾನ ಹೋಗುತ್ತದೆಂದು ಬಾಯಿ ಬಿಗಿಹಿಡಿದು ಕೂತಿದ್ದರು. ಕೊನೆಗೆ ಒಂದೊಂದೇ ಅಕ್ಷರ ಹೊರಗೆ ಬಂತು.

"ಅಸಲಿ... ಐತಿ."

ಜನ ಮುಗಿಬಿದ್ದರು. ಬೇವಿನದಷ್ಟೇ ಅಲ್ಲ, ಹಲಗೆಯ ಮೇಲಿನ ಒಂದು ಬಾಟಲಿಯೂ ಉಳಿಯಲಿಲ್ಲ. ಮಾವನವರು ಎದ್ದು, ತಮ್ಮ ಕೈಯಾರೆ ಪಕ್ಕದ ಹಲಗೆಯ ಉಪ್ಪಿನಕಾಯಿ ಬಾಟಲಿಗಳನ್ನು ಕೆಳಗಿಳಿಸಿ, "ಇದೂ ನಿಂದಽ ಅವ್ವಾ" ಎಂದರು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ ಹತ್ತಿರ ಬಂದು ಕಿವಿಯಲ್ಲಿ ಕೇಳಿದರು: "ಲಗೂನ ಹೇಳು, ಬೆಲ್ಲ ಎಲ್ಲೈತಿ?"

ಅವತ್ತಿನಿಂದ ಬೇವಿನ ಎಣ್ಣೆಯ ಪಕ್ಕ ಬೆಲ್ಲದ ಡಬ್ಬಿ ಕಾಯಂ. ಹೊಸ ಎಣ್ಣೆ ಬಂದಾಗಲೆಲ್ಲ ಮಾವನವರು ಮೊದಲು ಹನಿ, ಆಮೇಲೆ ಬೆಲ್ಲ, ಆಮೇಲೆ "ಅಸಲಿ". ಮೊನ್ನೆ ಇದನ್ನೆಲ್ಲ ನಿಂತು ನೋಡಿದ ಹೊಸ ಗಿರಾಕಿಯೊಬ್ಬಳು ಬೇವಿನ ಎಣ್ಣೆಯ ಜೊತೆ ಬೆಲ್ಲವನ್ನೂ ಕೇಳಿ ಕೊಂಡಳು. ಮೆಟ್ಟಿಲು ಇಳಿದವಳು ಮತ್ತೆ ತಿರುಗಿ ಬಂದು ಕೇಳಿದಳು:

"ಅಕ್ಕಾ, ಹಿಮ್ಮಡಿಗೆ ಎಣ್ಣಿ ಹಚ್ಚಿದ ಮ್ಯಾಲೆ, ಬೆಲ್ಲ ಎಷ್ಟು ಹೊತ್ತು ತಿಕ್ಕಬೇಕ್ರಿ?"