ಮಾನ್ವಿಯಲ್ಲಿ ನಾನು ಪೆಡಲ್ ತುಳಿದದ್ದು

ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ನಾನು ಟೆಕ್ನಿಷಿಯನ್. ಭಾನುವಾರ ಮಾತ್ರ ಗಾಯಕ. ಅಂದು ಸಂಜೆ ಗಿಟಾರು, ಒಂದು ಮೈಕು, ಹೆಗಲಿಗೆ ನೇತುಹಾಕುವ ಬ್ಯಾಟರಿ ಸ್ಪೀಕರು ಹಿಡಿದು ಬಸ್ಸು ಹತ್ತಿ ರಾಯಚೂರಿಗೆ ಬರುತ್ತೇನೆ. ಬಟ್ಟೆ ಅಂಗಡಿಗಳ ಸಾಲಿನ ಕೊನೆಯಲ್ಲಿ, ಮಿರ್ಚಿ ಬಂಡಿಯ ಪಕ್ಕದ ಫುಟ್‌ಪಾತಿನಲ್ಲಿ ನಿಂತು ಹಾಡುತ್ತೇನೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ಖಾದರ್ ಢೋಲಕ್ ಬಾರಿಸುತ್ತಾನೆ. ಜನ ನಿಂತು ಕೇಳುತ್ತಾರೆ. ಮಿರ್ಚಿ ತಿಂದು ಮುಗಿಯುವ ತನಕ.

ಜನ ಹೀಗೆ ಚದುರುವುದಕ್ಕೆ ಕಾರಣ ನನ್ನ ಕಂಠವಲ್ಲ, ಸಲಕರಣೆ ಎಂದು ಒಂದು ದಿನ ನನಗೆ ಖಚಿತವಾಯಿತು. ಮೊಬೈಲಿನಲ್ಲಿ ಕಂಡಿದ್ದೆ. ಯಾವುದೋ ದೇಶದ ಬೀದಿಯಲ್ಲಿ ಒಬ್ಬನೇ ಒಬ್ಬ ಹಾಡುತ್ತಿದ್ದ. ಅವನ ಕಾಲ ಬಳಿ ಸೋಪಿನ ಡಬ್ಬಿಯಷ್ಟು ಬಣ್ಣದ ಪೆಟ್ಟಿಗೆಗಳು. ಒಂದನ್ನು ತುಳಿದರೆ ಗುಹೆಯೊಳಗೆ ನಿಂತು ಹಾಡಿದಂತೆ ದನಿ ಮಾರ್ದನಿಸುತ್ತದೆ. ಇನ್ನೊಂದನ್ನು ತುಳಿದರೆ ಗಿಟಾರು ಒಡಕು ದನಿಯಲ್ಲಿ ಗರ್ಜಿಸುತ್ತದೆ. ಲೂಪರ್ ಎಂಬ ಮತ್ತೊಂದು, ನುಡಿಸಿದ್ದನ್ನು ಹಿಡಿದಿಟ್ಟುಕೊಂಡು ತಾನೇ ಮತ್ತೆ ಮತ್ತೆ ನುಡಿಸುತ್ತದೆ. ಇವಕ್ಕೆಲ್ಲ ಪೆಡಲ್ ಎಂದು ಹೆಸರು. ನನ್ನ ಕಲಾಜೀವನದ ಮುಂದಿನ ಹೆಜ್ಜೆ ಪೆಡಲಿನ ಮೇಲೆಯೇ ಎಂದು ಹೆಂಡತಿ ರೇಣುಕಾಳ ಮುಂದೆ ವಿಧ್ಯುಕ್ತವಾಗಿ ಘೋಷಿಸಿದೆ. ಯಾವ ಪೆಟ್ಟಿಗೆ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಿದೆ.

ಅವಳು ಸಾವಧಾನವಾಗಿ ಕೇಳಿದಳು. "ದನಿ ಒಡಿಯೋದು ಒಂದು ತರಬ್ಯಾಡ್ರಿ," ಅಂದಳು. "ಅದು ನಿಮಗ ಹುಟ್ಟತಲೇ ಬಂದದ."

ಒಳ್ಳೆಯ ಪೆಡಲುಗಳ ಬೆಲೆ ನೋಡಿ ಮೊಬೈಲ್ ಕೆಳಗಿಟ್ಟೆ. ಆ ದುಡ್ಡಿಗೆ ನಮ್ಮಲ್ಲಿ ಹಳೆಯ ಬೈಕು ಬರುತ್ತದೆ. ಹೀಗಾಗಿ ಆನ್‌ಲೈನಿನಲ್ಲಿ ತೀರಾ ಅಗ್ಗದ, ಹೆಸರೇ ಕೇಳದ ಕಂಪನಿಯ ಮಾರ್ದನಿ ಪೆಡಲ್ ತರಿಸಿದೆ. ನೀಲಿ ಬಣ್ಣ, ಮುದ್ದಾಗಿತ್ತು. ಅದರ ಜೊತೆ ಕರೆಂಟಿನ ಅಡಾಪ್ಟರ್ ಇರಲಿಲ್ಲ. ಅದಕ್ಕೇನಂತೆ? ದಿನವೂ ಭಾರಿ ಯಂತ್ರಗಳ ನಡುವೆ ಓಡಾಡುವವನಿಗೆ ಇದೊಂದು ಆಟಿಕೆ. ಮನೆಯ ವೈಫೈ ಡಬ್ಬಿಯ ಅಡಾಪ್ಟರ್ ಕಿತ್ತು ಚುಚ್ಚಿದೆ.

ಪೆಡಲು ಒಮ್ಮೆ ಕೆಂಪಗೆ ಕಣ್ಣು ಬಿಟ್ಟಿತು. ಆಮೇಲೆ ಸುಟ್ಟ ವಾಸನೆ ಬಂತು. ಆಮೇಲೆ ಹೊಗೆ.

ಪೆಡಲಿನ ಅಡಾಪ್ಟರಿನಲ್ಲಿ ಪ್ಲಸ್ಸು ಮೈನಸ್ಸು ಮನೆಯ ಅಡಾಪ್ಟರಿಗೆ ಉಲ್ಟಾ ಇರುತ್ತವಂತೆ. ಹಾಗೆಂದು ಪೆಟ್ಟಿಗೆಯ ಬೆನ್ನಿಗೆ ಚಿತ್ರ ಬರೆದೇ ಇತ್ತು. ನಾನು ಬೆನ್ನು ನೋಡಿರಲಿಲ್ಲ. ಪಕ್ಕದ ಕ್ವಾರ್ಟರ್ಸಿನವರು ಬಂದು ಏನು ಸುಡುತ್ತಿದೆ ಎಂದು ವಿಚಾರಿಸಿದರು. ರೇಣುಕಾ ಬಾಗಿಲಲ್ಲೇ ನಿಂತು, ಏನಿಲ್ಲ, ನಮ್ಮವರು ಕರೆಂಟಿನ ಕೆಲಸ ಮಾಡುತ್ತಿದ್ದಾರೆ ಎಂದು ಸಮಾಧಾನ ಹೇಳಿ ಕಳಿಸಿದಳು.

ಇಷ್ಟರಲ್ಲಿ ಎಂದೂ ನಡೆಯದ್ದು ನಡೆಯಿತು. ಮಾನ್ವಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ರೇಣುಕಾಳ ಅಣ್ಣ ಬಸವರಾಜ ಫೋನ್ ಮಾಡಿದ. ನಾನು ಬೀದಿಯಲ್ಲಿ ಹಾಡುತ್ತೇನೆಂದು ಗೊತ್ತಾದ ದಿನದಿಂದ ಅವನು ನನ್ನನ್ನು ಮದುವೆ ಮನೆಗಳಲ್ಲಿ ಪರಿಚಯಿಸುವುದನ್ನೇ ಬಿಟ್ಟಿದ್ದ. ಅಂಥವನು, ಹೊಸ ಅಂಗಡಿ ತೆರೆಯುತ್ತಿದ್ದೇನೆ, ಪೂಜೆಯಾದ ಮೇಲೆ ಬಾಗಿಲ ಮುಂದೆ ನೀವು ಹಾಡಬೇಕು, ಜನ ಸೇರುತ್ತಾರೆ ಎಂದ. ರೇಣುಕಾ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ತವರಿನವರ ಎದುರು ಗಂಡ ತಲೆ ಎತ್ತಿ ನಿಲ್ಲುವ ದಿನ ಬಂತೆಂದು ಅವಳಿಗೆ ಅನಿಸಿತ್ತು. ಈ ಸಲ ಯಡವಟ್ಟು ಆಗುವಂತಿರಲಿಲ್ಲ.

ಖಾದರ್ ಸುದ್ದಿ ತಂದ. ದೇವದುರ್ಗದಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದವನೊಬ್ಬ ಹಾಡು ಬಿಟ್ಟು ಅಡುಗೆ ಕಂತ್ರಾಟು ಹಿಡಿದಿದ್ದಾನೆ, ಹಳೆಯ ಸಾಮಾನು ಅಗ್ಗಕ್ಕೆ ಕೊಡುತ್ತಾನಂತೆ. ಇಬ್ಬರೂ ಬಸ್ಸಿನಲ್ಲಿ ಹೋದೆವು. ಅವನು ದೊಡ್ಡ ಪಾತ್ರೆಗಳ ಹಿಂದಿನಿಂದ ಒಂದು ಪೆಟ್ಟಿಗೆ ತೆಗೆದ. ಮೈಕು, ಗಿಟಾರು ಎರಡೂ ಒಂದರಲ್ಲೇ ಸೇರುತ್ತವೆ. ಮಾರ್ದನಿಯೂ ಅದರಲ್ಲೇ, ಲೂಪರೂ ಅದರಲ್ಲೇ, ಬ್ಯಾಟರಿಯ ಮೇಲೆ ನಡೆಯುತ್ತದೆ, ಚೀಲದಲ್ಲಿ ಹಿಡಿಯುತ್ತದೆ. ಬೀದಿ ಹಾಡುಗಾರನಿಗೆ ಇನ್ನೇನು ಬೇಕು?

ಒಮ್ಮೆ ತುಳಿದರೆ ಹಿಡಿದಿಟ್ಟುಕೊಳ್ಳುತ್ತದೆ, ಮತ್ತೊಮ್ಮೆ ತುಳಿದರೆ ಅದನ್ನೇ ನುಡಿಸುತ್ತದೆ, ಇನ್ನೊಮ್ಮೆ ತುಳಿದರೆ ಅದರ ಮೇಲೆ ಹೊಸದನ್ನು ಸೇರಿಸುತ್ತದೆ, ನಿಲ್ಲಿಸಬೇಕಾದರೆ ಬೇಗ ಬೇಗ ಎರಡು ಸಲ ತುಳಿಯಬೇಕು ಎಂದು ಅವನು ಹೇಳಿಕೊಟ್ಟ. "ಸ್ವಿಚ್ ಸ್ವಲ್ಪ ಬಿಗಿ ಅದ ನೋಡ್ರಿ," ಎಂದೂ ಹೇಳಿದ. ನಾನು ಆಗಲೇ ಪೆಟ್ಟಿಗೆಯನ್ನು ಎದೆಗೆ ಅಪ್ಪಿಕೊಂಡಿದ್ದೆ.

ವಾಪಸು ಬರುವಾಗ ಖಾದರ್, "ಪಹಲೆ ಮನ್ಯಾಗ ರೂಢಿ ಮಾಡ್ಕೋರಿ ಭಾಯ್, ಸೀದಾ ಮಾನ್ವಿಗೆ ಒಯ್ಯೋದು ನಕ್ಕೋ, ಬ್ಯಾಡ," ಅಂದ. ಯಂತ್ರದ ವಿಷಯದಲ್ಲಿ ನನಗೆ ಬುದ್ಧಿ ಹೇಳುತ್ತಾನಲ್ಲ ಎಂದು ನಕ್ಕೆ.

ಮಾನ್ವಿಯಲ್ಲಿ ಅಂಗಡಿಯ ಮುಂದೆ ಶಾಮಿಯಾನ. ಒಳಗೆ ಹೂ ಮುಡಿಸಿದ ಅಕ್ಕಿ ಚೀಲಗಳು. ಬಸವರಾಜನ ಬೀಗರು, ಮಿಲ್ಲಿನವರು, ಪೇಟೆಯ ಗಿರಾಕಿಗಳು ಕುರ್ಚಿಗಳಲ್ಲಿ ತುಂಬಿದ್ದರು. ಕಿರ್ ಎನ್ನದಿರಲೆಂದು ಸ್ಪೀಕರಿನ ದನಿಯನ್ನು ಪೂರ್ತಿ ಇಳಿಸಿ ಗಿಟಾರಿನ ಶ್ರುತಿ ಹೊಂದಿಸುತ್ತಿದ್ದೆ. ಪಕ್ಕದಲ್ಲಿ ಖಾದರ್ ಢೋಲಕ್ ಇಟ್ಟುಕೊಂಡು ಕೂತಿದ್ದ. ನನ್ನ ಕಾಲು ಪೆಟ್ಟಿಗೆಯ ಮೇಲೇ ಇತ್ತು. ರೇಣುಕಾ ಹತ್ತಿರ ಬಂದು ಅಣ್ಣನ ಅಂಗಡಿ ಹೇಗಿದೆ ಎಂದು ಕೇಳಿದಳು. ನಾನು ಪಿಸುಮಾತಿನಲ್ಲಿ ಉತ್ತರಿಸಿದೆ. ಆಮೇಲೆ ಸ್ಪೀಕರಿನ ದನಿ ಪೂರ್ತಿ ಏರಿಸಿ, ಸಭೆಗೆ ಕೈಮುಗಿದು, ಗಾಂಭೀರ್ಯದಿಂದ ಪೆಡಲ್ ತುಳಿದೆ.

ಸ್ಪೀಕರಿನಿಂದ ನನ್ನದೇ ದನಿ ಬಂತು. ಗುಹೆಯೊಳಗಿಂದ ಬಂದಂತೆ.

"ಅಂಗಡಿ ಏನೋ ಚಂದ ಅದ. ನಿಮ್ಮಣ್ಣ ಕಮ್ಮಿ ಮಾಡ್ಲಿ ಅಕ್ಕ್ಯಾಗಿನ ಕಲ್ಲು... ಕಲ್ಲು... ಕಲ್ಲು..."

ರೇಣುಕಾಳಿಗೆ ಉತ್ತರಿಸಲು ಬಾಗಿದಾಗ ಕಾಲು ಒತ್ತಿ, ಮೈಕಿಗೆ ಬಿದ್ದ ಪಿಸುಮಾತನ್ನೆಲ್ಲ ಪೆಟ್ಟಿಗೆ ಹಿಡಿದಿಟ್ಟುಕೊಂಡಿತ್ತು. ನಿಲ್ಲಿಸಲು ಎರಡು ಸಲ ತುಳಿದೆ. ಬಿಗಿ ಸ್ವಿಚ್ಚು ಒಂದೇ ಸಲ ಒಳಹೋಯಿತು. ಅಂದರೆ, ಹೊಸದನ್ನು ಸೇರಿಸಿಕೊಳ್ಳಲು ಶುರುಮಾಡಿತು. ನಾನು ಗಾಬರಿಯಿಂದ, "ಖಾದರ್, ಬಂದ್ ಆಗವಲ್ದೋ," ಅಂದೆ. ಮುಂದಿನ ಸುತ್ತಿನಲ್ಲಿ ಅದೂ ಬಂತು. ಮತ್ತೆ ತುಳಿದೆ, ಮತ್ತೆ ತುಳಿದೆ. ರೇಣುಕಾ ವಾಯರ್ ಕೀಳಿರಿ ಎಂದದ್ದು, ಬಸವರಾಜ ಏನಿದು ಎಂದು ಗುಡುಗಿದ್ದು, ನಾನು ಯಪ್ಪಾ ಎಂದದ್ದು, ಎಲ್ಲವೂ ಒಂದರ ಮೇಲೊಂದು ಕೂತು ಮೇಳವಾಯಿತು. ಎಲ್ಲದರ ಅಡಿಯಲ್ಲಿ ಕಲ್ಲು, ಕಲ್ಲು, ಕಲ್ಲು. ತಾಳಕ್ಕೆ ಸರಿಯಾಗಿ ಬರುತ್ತಿತ್ತೇನೋ, ಖಾದರನ ಕೈ ತಡೆಯಲಿಲ್ಲ. ಢೋಲಕ್ ಹಿಡಿದೇ ಬಿಟ್ಟ. ಹಿಂದಿನ ಸಾಲಿನವರು ಚಪ್ಪಾಳೆ ಹಾಕಿದರು.

ಕೊನೆಗೆ ರೇಣುಕಾ ನಡೆದುಬಂದು ಸ್ಪೀಕರಿನ ಗುಂಡಿ ಒತ್ತಿ ಆರಿಸಿದಳು. ಒಂದು ಗುಂಡಿ. ಅದು ಟೆಕ್ನಿಷಿಯನ್ನನಿಗೆ ಹೊಳೆದಿರಲಿಲ್ಲ.

ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದು, "ಕಲ್ಲು ಅದಾವಂತಲ್ಲಪ್ಪಾ, ಒಂದು ಚೀಲ ಬಿಚ್ಚಿ ತೋರ್ಸು," ಅಂದಳು. ಬಸವರಾಜ ನನ್ನ ಕಡೆ ನೋಡಲಿಲ್ಲ. ಚೀಲ ಬಿಚ್ಚಿ ಮೊರಕ್ಕೆ ಸುರಿದ. ಮುದುಕಿ ಕೇರಿದಳು, ಕೈಯಾಡಿಸಿದಳು, ಕಣ್ಣಿನ ಹತ್ತಿರ ಹಿಡಿದಳು. ಕಲ್ಲಿರಲಿಲ್ಲ. ಇನ್ನೊಂದು ಚೀಲ ಬಿಚ್ಚಿಸಿದರು. ಅದರಲ್ಲೂ ಇರಲಿಲ್ಲ.

"ಎಲ್ಲಿ ಅದಾವ, ತೋರಸ್ರಿ," ಎಂದ ಬಸವರಾಜ. ಮೊರವನ್ನು ನನ್ನ ಮುಂದೆ ಹಿಡಿದ.

ನಾನು ಬಾಯಿ ತೆರೆಯುವುದರೊಳಗೆ ರೇಣುಕಾ ಮುಂದೆ ಬಂದಳು. "ಅಣ್ಣಾ, ನೀ ಕೊಟ್ಟ ಅಕ್ಕಿ ಹಬ್ಬಕ್ಕಂತ ತೆಗೆದಿಟ್ಟೀನಿ. ಇವರು ತಿನ್ನಾಕತ್ತಿದ್ದು ಇವರ ಅವ್ವ ಗುಂಜಹಳ್ಳಿಯಿಂದ ಕಳಿಸಿದ್ದು. ಯಾವ ಚೀಲದ ಅನ್ನ ತಿನ್ನಾಕತ್ತೀನಿ ಅಂತ ಇವರಿಗೆ ಖಬರಿಲ್ಲ."

ಮಾನ್ವಿಯ ಅರ್ಧ ಪೇಟೆಯ ಎದುರು ನಾನು ನನ್ನ ಹೆತ್ತವ್ವನ ಅಕ್ಕಿಯನ್ನೇ ಬೈದಿದ್ದೆ! ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದು ಚೀಲ ಕಟ್ಟಿಸಿಕೊಂಡಳು. ಅವಳ ಹಿಂದೆ ಉಳಿದವರೂ ಎದ್ದರು. ಕಣ್ಣೆದುರೇ ಕೇರಿ ತೋರಿಸಿದ ಅಕ್ಕಿ ಯಾರಿಗೆ ಬೇಡ? ಸಂಜೆಯೊಳಗೆ ಅಂಗಡಿ ಅರ್ಧ ಖಾಲಿಯಾಯಿತು. ನನ್ನನ್ನು ಹಾಡು ಎಂದು ಯಾರೂ ಕೇಳಲಿಲ್ಲ.

ಹೊರಡುವ ಹೊತ್ತಿಗೆ ಬಸವರಾಜ ಪೆಡಲಿನ ಮುಂದೆ ಕೂತು ಅದನ್ನೇ ದಿಟ್ಟಿಸುತ್ತಿದ್ದ. ಒದೆಯುತ್ತಾನೆ ಎಂದುಕೊಂಡೆ. ಅವನು ಮೈಕನ್ನು ನನ್ನ ಕೈಗೆ ಕೊಟ್ಟು, ಹೇಳಬೇಕಾದದ್ದನ್ನು ತಿಳಿಸಿದ. ನಾನು ಶಿಸ್ತಿನಿಂದ ಹೇಳಿದೆ. ಪೆಟ್ಟಿಗೆ, ಮೈಕು, ಸ್ಪೀಕರು ಮೂರನ್ನೂ ಅಲ್ಲಿಯೇ ಬಿಟ್ಟು ಬಂದೆವು. ಇಲ್ಲ ಅನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಈಗ ಮಾನ್ವಿಯ ಆ ಅಂಗಡಿಯ ಬಾಗಿಲಲ್ಲಿ ಬೆಳಗಿನಿಂದ ಸಂಜೆಯ ತನಕ ನನ್ನ ದನಿ ಮೊಳಗುತ್ತದೆ: "ಬಸವರಾಜಣ್ಣನ ಅಕ್ಕ್ಯಾಗ ಕಲ್ಲಿಲ್ಲ... ಕಲ್ಲಿಲ್ಲ... ಕಲ್ಲಿಲ್ಲ..." ಇಷ್ಟು ವರ್ಷದ ಸಾಧನೆಯಲ್ಲಿ ಇದು ನನ್ನ ಮೊಟ್ಟಮೊದಲ ಧ್ವನಿಮುದ್ರಣ. ಮೊನ್ನೆ ತವರಿಗೆ ಹೋಗಿ ಬಂದ ರೇಣುಕಾಳನ್ನು ಜನ ಏನಂತಾರೆ ಎಂದು ಕೇಳಿದೆ. ಎದುರಿನ ಅಂಗಡಿಯವನು ಮಧ್ಯಾಹ್ನ ಮಲಗುವ ಹೊತ್ತಿನಲ್ಲಾದರೂ ಅದನ್ನು ಬಂದ್ ಮಾಡಬೇಕೆಂದು ಪಂಚಾಯ್ತಿ ಕೂಡಿಸಿದ್ದಾನೆ ಎಂದಳು.